ಕೊರಳು ಕೊಟ್ಟವ

ಬೆಳಗಿನ ಐದಕ್ಕ ಎಚ್ಚರಾತು.
ಗಾಳಿ ಸಕ್ಕರಿ ಫ್ಯಾಕ್ಟರಿ ಕಡಿಂದ ಬೀಸಾಕತ್ತಿತ್ತು,
ಕಬ್ಬು ನುರಿಸೂ ಹಂಗಾಮು,
ಕಾಕಂಬಿ ವಾಸನಿ ಜಮಖಂಡಿ ತುಂಬ.
ಮಂದಿಗೆ ಅದು ಬರೇ ವಾಸನಿ.
ನನಗ ಹೆಸರು ಹಿಡದು ಕರದಂಗ:
ಗುರುಪಾದಾ, ಏ ಗುರುಪಾದಾ, ಬಾರೋ.
ಓಗೊಡಲಿಲ್ಲ. ತಂಬಿಗಿ ನೀರು ಗಟಗಟ ಕುಡದೆ.
ಮೂವತ್ತೇಳನೇ ದಿನ.

ಆಣಿ ಮಾಡಿಲ್ಲ ಈ ಸಲ.
ಆಣಿಗೇನು, ಭಾಳ ಮಾಡೀನಿ.
ಲಿಂಗ ಮುಟ್ಟಿ ಮಾಡೀನಿ,
ದರ್ಗಾದ ಹೊಸ್ತಿಲಕ್ಕ ಹಣಿ ಹಚ್ಚಿ ಮಾಡೀನಿ,
ನಿದ್ದಿಗಣ್ಣಾಗಿದ್ದ ಮಗಳ ನೆತ್ತಿ ಮ್ಯಾಲ ಕೈ ಇಟ್ಟು ಮಾಡೀನಿ;
ಅದ ಕೈಲೆ ಸಂಜಿಗೆ
ಗಿರಾಕಿ ಗಲ್ಲಕ್ಕ ಹಚ್ಚೂ ಸ್ಪಿರಿಟ್ ಬಾಟ್ಲಿ ಬಾಯಿಗೆ ಎತ್ತೀನಿ.
ದೇವರ ಕಿವಿಯೂ ಜಡ್ಡುಗಟ್ಟಿರಬೇಕು ನನ್ನ ಮಾತಿಗೆ.

ಬುಧವಾರ ಸಂಜಿಮುಂದ ಶಾಲಿಯ ಮೂರನೇ ಖೋಲಿಯಾಗ
ಕೂಡತೀವಿ ಒಂಬತ್ತು ಮಂದಿ,
ಸಣ್ಣ ಹುಡುಗರ ಬಾಕಿನ ಮ್ಯಾಲ, ಮೊಣಕಾಲು ಎದಿಗೆ ಬಡದು.
ಹಲಗಿ ಮ್ಯಾಲಿನ ಏಳರ ಮಗ್ಗಿ ಯಾರೂ ಅಳಿಸಿರಂಗಿಲ್ಲ.
ನಿನಗಿಂತ ದೊಡ್ಡದು ಒಂದು ಹುಡುಕ್ಯೋ ಅಂದರು.
ನನಗಿಂತ ದೊಡ್ಡದು ಬಾಟ್ಲಿ ಒಂದ ನೋಡೀನ್ರಿ ಅಂದೆ.
ಎಲ್ಲಾರೂ ನಕ್ಕರು.
ಪೋಸ್ಟಿನ್ಯಾಗಿದ್ದ ಮೊರಬದ ಕಾಕಾ ಮಾತ್ರ
ಬಾಕಿನ ಕಟಗಿ ಸವರಿ ಅಂದ:
ಮೊದಲನೇ ವರ್ಷ ನನ್ನ ದೇವರು ಇದು, ತಮ್ಮಾ.
ಕುಂತೆ. ಮುರೀಲಿಲ್ಲ.

ಅಂಗಡಿ ಬಾಗಲಾ ತಗದೆ. ಎರಡು ಕನ್ನಡಿ ಎದರಾ ಬದರಾ,
ನಡುವ ನಿಂತರ ಒಬ್ಬನ ಹಿಂದ ಒಬ್ಬ
ಗುರುಪಾದಗೋಳ ಪಾಳಿ, ಕಡೀ ಕಾಣಂಗಿಲ್ಲ;
ಅದರಾಗ ಯಾವಾಂವ ಇನ್ನೂ ಕುಡದಾನೋ ಏನೋ.
ಹಿಂದಿನ ಕನ್ನಡಿಗೆ ಟವೆಲ್ ಹಾಕಿದೆ.
ಕಟಿಂಗಿಗೆ ಬರತಾರ ಮಂದಿ. ದಾಡಿಗೆ ಯಾರೂ ಬರಂಗಿಲ್ಲ.
ತಪ್ಪಲ್ಲ ಅವರದು.

ಹತ್ತೂವರಿಗೆ ದಸ್ತಗೀರಸಾಬ ಬಂದ,
ಗಾದಿ ಹೊಲಿಯಾಂವ, ಹುಬ್ಬಿನ್ಯಾಗ ಯಾವತ್ತೂ ಹತ್ತಿ.
ಎಡ ದವಡಿ ಕೆಳಗ ಬೆರಳುದ್ದ ಗೀರು;
ಹ್ವಾದ ರಮಜಾನದಾಗ, ಹಬ್ಬದ ಹಿಂದಿನ ದಿನ
ನಾ ಕೊಯ್ದದ್ದು.
ಕುಂತ. ತಲಿ ಹಿಂದಕ್ಕ ಚೆಲ್ಲಿದ.
‘ಹಚ್ಚು’ ಅಂದ.

ಬ್ರಷ್ ಜಾರಿ ಬಿತ್ತು.
‘ಕಾಕಾ, ಕೈ ನೋಡ್ರಿ.’
‘ನೋಡೀನಿ. ನಡಗಲಿ. ನನಗ ಅವಸರಿಲ್ಲ.’
ಕಣ್ಣು ಮುಚ್ಚಿದ.
ಬುರುಗಿನ ನಡುವ ಗಂಟಲ ಗುಳ್ಳಿ ಒಮ್ಮೆ ಏರಿ ಇಳೀತು,
ಆಮ್ಯಾಲ ಸಣ್ಣಗ ಗೊರಕಿ.

ನನ್ನ ಕೈಯಾಗ ಕತ್ತಿ,
ಅವನ ಕೊರಳಾಗ ನಿದ್ದಿ.

ಆಗ ಕೈ ನಿಂತಿತು ಅಂತ ಸುಳ್ಳು ಹೇಳೂದಿಲ್ಲ.
ನಡಗತಿತ್ತು. ಖರೆ, ಒಂದು ನಡುಕಕ್ಕೂ ಇನ್ನೊಂದಕ್ಕೂ ನಡುವ
ಕೂದಲೆಳಿಯಷ್ಟು ಸಂದಿ ಇತ್ತು.
ಮೊದಲೂ ಇತ್ತೋ ಏನೋ, ಕುಡದ ಕಣ್ಣಿಗೆ ಕಂಡಿರಲಿಲ್ಲ.
ಸಂದಿ ಬಂದಾಗ ಒಂದು ಎಳತ.
ಕಾಯೂದು. ಮತ್ತ ಒಂದು ಎಳತ.
ಒಂದು ದಾಡಿಗೆ ಮುಕ್ಕಾಲು ತಾಸು.
ಹೊರಗ ಟ್ರ್ಯಾಕ್ಟರ್ ಎರಡು ಡಬ್ಬಿ ಕಬ್ಬು ಹೇರಿಕೊಂಡು
ಹಾಡು ಹಚ್ಚಿಕೊಂಡು ಹ್ವಾತು,
ಅಂಗಡಿ ಗಾಜು ಅದರಿತು, ಅವ ಏಳಲಿಲ್ಲ.
ಆ ಸಂದಿಯೊಳಗ ನಾ ಒಬ್ಬನ ಇದ್ದಿಲ್ಲ.
ಯಾರಿದ್ದರು ಅಂತ ಕೇಳಬ್ಯಾಡ್ರಿ,
ಹೆಸರು ಇಟ್ಟರ
ಮತ್ತ ಅದರ ಮ್ಯಾಲೂ ಆಣಿ ಮಾಡಿಗೀಡೇನು.

ತುರಟಿ ಸವರಿದಾಗ ಎಚ್ಚರಾದ.
ದವಡಿ ಮುಟ್ಟಿ ನೋಡಿಕೊಂಡ,
ಕನ್ನಡ್ಯಾಗ ಅಲ್ಲ, ನನ್ನ ಮಾರಿಯಾಗ.
ರೊಕ್ಕ ಇಟ್ಟು ಹ್ವಾದ. ಹತ್ತು ರೂಪಾಯಿ ಕಡಿಮಿ.

ರಾತ್ರಿ ಮನ್ಯಾಗ ನಿಂಬೆವ್ವ
ಟವೆಲ್ ಇಸಗೊಳ್ಳೂ ನೆವದಾಗ ಹತ್ತರ ಬಂದು
ದಿನದಂಗ ನನ್ನ ಉಸಿರು ಮೂಸಿದಳು.
ಮೂಸಲಿ.
ಬಾಯಿ ತುಸು ತಗದ ನಿಂತೆ,
ದಸ್ತಗೀರಸಾಬ ತಲಿ ಚೆಲ್ಲಿದಂಗ.